ಸಾವ್ಕಾರನ ಚರ್ಚು ಯಾತ್ರೆ

"ಎರಡೇ ಎರಡು ಚರ್ಚು! ಚಳ್ಳಕೆರೆಯಾಗೊಂದು, ಮೊಳಕಾಲ್ಮುರಿನಾಗೊಂದು. ಬೆಳಿಗ್ಗೆ ಮುದ್ದೆ ಉಂಡು ಹೊಂಟ್ರೆ ಮಧ್ಯಾಹ್ನದ ಮುದ್ದೆಗೆ ಮನ್ಯಾಗಿರ್ತೀವಿ. ಈ ಗಾದ್ರಪ್ಪ ಗಾಡಿ ಹತ್ತಿದ ಅಂದ್ರೆ ಹರಕೆ ತೀರ್ತು ಅಂತಾನೇ ತಿಳ್ಕಳ್ರಿ!"

ಉಳ್ಳಾರ್ತಿ ಕಾವಲಿನ ಅಂಚಿನ ಹಟ್ಟಿಯಲ್ಲಿ, ಮಾರುತೇಶನ ಟೀ ಅಂಗಡಿಯ ಬೆಂಚಿನ ಮೇಲೆ ಒಂದು ಕಾಲು ಮಡಿಸಿ ಕೂತು ಗಾದ್ರಪ್ಪ ಹೀಗೆ ಘೋಷಿಸಿದ. ಘೋಷಿಸಿ ಮೀಸೆ ತಿರುವಿದ. ಕೇಳಿದವರು ತಲೆದೂಗಿದರು. ಅಷ್ಟಕ್ಕೇ ಸುಮ್ಮನಾಗಿದ್ದರೆ ಅವನ ಮಾನ ಉಳಿಯುತ್ತಿತ್ತು. ಆದರೆ ಲೋಟದಲ್ಲಿ ಇನ್ನೂ ಅರ್ಧ ಟೀ ಉಳಿದಿತ್ತು, ಬಾಯಲ್ಲಿ ಮಾತೂ ಉಳಿದಿತ್ತು.

"ಮಂಗಳವಾರ ಎಲ್ರೂ ನಮ್ಮನೆಗೇ ಊಟಕ್ಕೆ ಬಂದ್ಬಿಡ್ರಿ! ಮಾರಮ್ಮನ ಟಗರು. ಸಾರು ಅಂದ್ರೆ ಹಟ್ಟಿ ದಾಟಿ ಘಮ್ ಅನ್ಬೇಕು, ಹಂಗೆ ಮಾಡಿಸ್ತೀನಿ!"

ಇಡೀ ಹಟ್ಟಿಗೆ ಊಟ ಹೇಳಿ ಮನೆಗೆ ಬಂದ ಗಾದ್ರಪ್ಪ, ಸೀದಾ ಹಿತ್ತಲಿಗೆ ಹೋಗಿ, ಅದೇ ಟಗರಿನ ಕೊರಳು ತಬ್ಬಿಕೊಂಡು ಗೊಳೋ ಅಂದ. ಇದು ಯಾರಿಗೂ ಗೊತ್ತಿಲ್ಲ. ನಿಮಗೂ ನನಗೂ ಮಾತ್ರ ಗೊತ್ತು. ದಯವಿಟ್ಟು ಯಾರಿಗೂ ಹೇಳಬೇಡಿ.

ಟಗರಿನ ಹೆಸರು ಸಾವ್ಕಾರ. ಹುಟ್ಟಿದ ದಿನವೇ ತಾಯಿ ಸತ್ತ ಮರಿ. ಕುರಿ ಮೇಯುತ್ತಿದ್ದ ಕಾವಲಿಗೆ ಅರ್ಧಕ್ಕರ್ಧ ಬೇಲಿ ಬಿದ್ದು, ಬೇಲಿಯೊಳಗೆ ದೊಡ್ಡ ದೊಡ್ಡ ಸರ್ಕಾರಿ ಕಟ್ಟಡಗಳು ಎದ್ದ ಮೇಲೆ ಗಾದ್ರಪ್ಪ ತನ್ನ ಕುರಿಗಳನ್ನೆಲ್ಲ ಮಾರಿ ಲಗೇಜ್ ಆಟೋ ಕೊಂಡಿದ್ದ. ಮಾರದೆ ಉಳಿಸಿಕೊಂಡದ್ದು ಈ ಒಂದು ಮರಿಯನ್ನು. ಹಸುಗೂಸಿಗೆ ಕುಡಿಸಿದ ಹಾಗೆ ಬಾಟ್ಲಿ ಹಾಲು ಕುಡಿಸಿದ. ದಿನಾ ಬೆಳಿಗ್ಗೆ ಬಿಂದಿಗೆ ನೀರು ಹೊಯ್ದು ಸ್ನಾನ, ಆಮೇಲೆ ಹೆಗಲ ಮೇಲಿನ ಟವಲ್ಲು ತೆಗೆದು ಮುಖ, ಕಿವಿ, ಕೊಂಬಿನ ಸಂದು, ಬೆನ್ನು ಎಲ್ಲ ಒರೆಸುವ ಸೇವೆ! "ಕುಡಿಯೋ ನೀರಿಗೆ ನಾನು ನಲ್ಲಿ ಮುಂದೆ ಕಾಯ್ಬೇಕು, ಇವ್ನಿಗೆ ನೋಡು ದಿನಾ ಮಂಗಳಸ್ನಾನ!" ಅಂತ ಹೆಂಡತಿ ಲಕ್ಷ್ಮಕ್ಕ ಬೈಯದ ದಿನವಿರಲಿಲ್ಲ. ಆದರೆ ಬೈಯುವಾಗಲೂ ಅವಳು ಟಗರನ್ನು 'ಅದು' ಅಂದವಳಲ್ಲ. ಸಾವ್ಕಾರ ಬಂದ, ಸಾವ್ಕಾರ ಉಂಡ, ಸಾವ್ಕಾರ ಮಲಗಿದ. ಅಷ್ಟು ಮರ್ಯಾದೆ ಆ ಮನೆಯಲ್ಲಿ ಗಾದ್ರಪ್ಪನಿಗೂ ಸಿಗುತ್ತಿರಲಿಲ್ಲ.

ಹಾಗಿದ್ದರೂ ಸಾವ್ಕಾರ ಗಾದ್ರಪ್ಪನ ಸೊತ್ತಲ್ಲ, ಗೌರಸಮುದ್ರದ ಮಾರಮ್ಮನ ಸೊತ್ತು. ಮಗಳು ಶಿಲ್ಪನ ಹೆರಿಗೆ ಕಷ್ಟವಾದಾಗ ಲಕ್ಷ್ಮಕ್ಕ ಆಸ್ಪತ್ರೆಯ ಬಾಗಿಲಲ್ಲಿ ನಿಂತು, "ತಾಯಿ ಕೂಸು ಇಬ್ರನ್ನೂ ಉಳಿಸ್ಕೊಡವ್ವ, ನಮ್ಮ ಟಗರು ನಿಂಗೆ" ಅಂದುಬಿಟ್ಟಿದ್ದಳು. ತಾಯಿ ಕೂಸು ಇಬ್ಬರೂ ಈಗ ಗುಂಡುಕಲ್ಲಿನ ಹಾಗಿದ್ದಾರೆ. ಹರಕೆ ಅಂದ ಮೇಲೆ ಹರಕೆ. ಲಕ್ಷ್ಮಕ್ಕನ ಮುಂದೆ ನಿಂತು ಅದರ ಬಗ್ಗೆ ಕೊಸರಾಡುವ ಗಂಡಸು ಆ ಹಟ್ಟಿಯಲ್ಲಿ ಹುಟ್ಟಿಲ್ಲ.

ಇಂಥ ಸಾವ್ಕಾರ ಕೆಲವು ದಿನಗಳ ಹಿಂದೆ ಕಳೆದೇಹೋಗಿದ್ದ! ಒಂದು ಬೆಳಿಗ್ಗೆ ನೋಡಿದರೆ ಹಗ್ಗ ಇದೆ, ಟಗರು ಮಂಗಮಾಯ. ಹಟ್ಟಿಯ ಗಂಡಸರೆಲ್ಲ ಹುಡುಕಿದರು. ಜಾಲಿ ಪೊದೆ, ಹಳ್ಳ, ಕೆರೆಯಂಗಳ ಎಲ್ಲೂ ಇಲ್ಲ. ಮಾರಮ್ಮನಿಗೆ ಬಿಟ್ಟ ಟಗರು ಕಳೆದರೆ ಮಾರಮ್ಮನಿಗೆ ಏನು ಉತ್ತರ ಕೊಡೋದು? ಲಕ್ಷ್ಮಕ್ಕ ಊಟ ಬಿಟ್ಟು ಕಂಬಕ್ಕೊರಗಿ ಕೂತಳು. ಆಗ ಕೂಸುಗಳಿಗೆ ಚುಚ್ಚುಮದ್ದು ಹಾಕಲು ಬಂದವಳು ನರ್ಸಮ್ಮ ಶಾಂತಕುಮಾರಿ. ಚಳ್ಳಕೆರೆಯ ಕ್ರಿಶ್ಚಿಯನ್ನರ ಮನೆಯವಳು.

"ಅಳಬ್ಯಾಡ ಲಕ್ಷ್ಮಕ್ಕ. ಕಳ್ದೋಗಿರೋದು ಹುಡುಕಿಕೊಡಾಕೆ ಅಂತಾನೇ ನಮ್ಮಲ್ಲಿ ಒಬ್ರು ಇದಾರೆ, ಸಂತ ಅಂತೋಣಿ. ಬೀಗದಕೈ, ಬೆಂಡೋಲೆ, ಏನು ಕಳ್ಕಂಡ್ರೂ ನಮ್ಮವ್ವ ಅವ್ರಿಗೇ ಹೇಳ್ತಿದ್ಲು."

"ಟಗರೂ ಹುಡುಕ್ತಾರಾ?"

"ಕೇಳಿ ನೋಡು."

ಲಕ್ಷ್ಮಕ್ಕ ಕೇಳಿದಳು. ಸಣ್ಣದಾಗಿ ಕೇಳುವುದು ಅವಳ ಜಾಯಮಾನವಲ್ಲ. ಅಂಗಳದಲ್ಲಿ ನಿಂತು, ಚಳ್ಳಕೆರೆಯ ದಿಕ್ಕಿಗೆ ಸೆರಗೊಡ್ಡಿ, ಹಟ್ಟಿಗೆಲ್ಲ ಕೇಳುವ ಹಾಗೆ ಕೂಗಿದಳು: "ಅಂತೋಣಪ್ಪಾ! ನಮ್ಮ ಸಾವ್ಕಾರ ಸಿಕ್ಕಿದ್ರೆ, ಚಳ್ಳಕೆರೆ ಮೊಳಕಾಲ್ಮುರು ಸೀಮೆಯಾಗೆ ನಿನ್ನ ಜನದ ಚರ್ಚು ಎಷ್ಟೈತೋ ಅಷ್ಟಕ್ಕೂ ಅವ್ನ್ನ ಕರ್ಕಂಡು ಬಂದು ನಿಲ್ಲಿಸ್ತೀನಿ!"

ಮಾರನೇ ದಿನವೇ ಬೇಲಿಯೊಳಗಿನ ಗಾರ್ಡು ಫೋನು ಮಾಡಿದ. ಗಾದ್ರಪ್ಪ ಹುಲ್ಲಿಗೆಂದು ಎಷ್ಟು ಕೈಮುಗಿದರೂ ಒಳಗೆ ಬಿಡದ ಆ ಬೇಲಿಯೊಳಕ್ಕೆ ಸಾವ್ಕಾರ ಯಾವ ಪರ್ಮಿಷನ್ನೂ ಇಲ್ಲದೆ ನುಗ್ಗಿ, ಸರ್ಕಾರದ ಹುಲ್ಲನ್ನು ಹೊಟ್ಟೆ ತುಂಬ ಮೇಯ್ದು, ಕೊನೆಗೆ ಗಾರ್ಡಿನ ಬುತ್ತಿಯ ಚಪಾತಿಗೂ ಬಾಯಿ ಹಾಕಿ ಸಿಕ್ಕಿಬಿದ್ದಿದ್ದ.

ಈಗ ಲಕ್ಷ್ಮಕ್ಕನ ಕಾನೂನು ಕೇಳಿ. ಆ ಕಡೆ ದೇವರಿಗೆ ಟಗರು ಒಪ್ಪಿಸುವಾಗ ತಲೆ, ಬೆನ್ನಿನ ಮೇಲೆ ತೀರ್ಥ ಚಿಮುಕಿಸಿ ಕಾಯುತ್ತಾರೆ. ಟಗರು ಪಟಪಟ ಅಂತ ಮೈ ಕೊಡವಿತೋ, ದೇವರು ಒಪ್ಪಿದ ಅಂತ ಅರ್ಥ. ಕೊಡವದಿದ್ದರೆ ಒಪ್ಪಿಲ್ಲ. ಒಪ್ಪದ ಟಗರಿಗೆ ಯಾರೂ ಕತ್ತಿ ತಾಗಿಸುವ ಹಾಗಿಲ್ಲ.

"ಮೊದ್ಲು ಹುಡುಕ್ಕೊಟ್ಟ ಅಂತೋಣಪ್ಪನ ಮುಂದೆ ಕೊಡವಲಿ," ಅಂದಳು ಲಕ್ಷ್ಮಕ್ಕ. "ಅವ್ನು ಹೂಂ ಅಂದ ಮ್ಯಾಲೆ ಮಾರಮ್ಮಂಗೆ. ಅವ್ನ ಚರ್ಚು ಅಷ್ಟೂ ಸುತ್ತಿದ್ರೂ ಕೊಡವಲಿಲ್ಲ ಅಂದ್ರೆ, ಅವ್ನ ಮಾತು ಮೀರಿ ನಾನು ಟಗರು ಕೊಡಾದಿಲ್ಲ."

ಗಾದ್ರಪ್ಪನ ಕಿವಿ ನೆಟ್ಟಗಾಯಿತು. ಕೊಡವದಿದ್ದರೆ ಸಾವ್ಕಾರ ಬದುಕಿಕೊಂಡ! ಕುರಿ ಮೈ ಕೊಡವುವುದು ಯಾಕೆ? ಕಿವಿಗೆ ನೀರು ಹೋಯಿತು ಅಂತ. ತಲೆಮಾರುಗಳಿಂದ ಕುರಿ ಕಾಯ್ದ ಮನೆತನದ ಗಾದ್ರಪ್ಪನಿಗೆ ಇಷ್ಟೂ ತಿಳಿಯದೆ? ಹೊರಡುವ ದಿನ ಹೆಂಡತಿಗಿಂತ ಮುಂಚೆ ಎದ್ದ. ಅವತ್ತು ಸಾವ್ಕಾರನಿಗೆ ಸ್ನಾನಕ್ಕೆ ರಜೆ. ದೇವರ ಗೂಡಿನಲ್ಲಿದ್ದ ಹತ್ತಿಯ ಡಬ್ಬಿ ತೆಗೆದು, ಒಳಗಿದ್ದ ಹತ್ತಿಯನ್ನೆಲ್ಲ ಎರಡು ಉಂಡೆ ಮಾಡಿ, ಸಾವ್ಕಾರನ ಎರಡು ಕಿವಿಗೂ ಒಳಕ್ಕೆ ಗಿಡಿದ. ಡಬ್ಬಿಯನ್ನು ಇದ್ದ ಜಾಗದಲ್ಲೇ ಇಟ್ಟ.

"ಯಾರೇನು ಹೊಯ್ದ್ರೂ ಸುಮ್ನೆ ನಿಂತಿರಪ್ಪ," ಅಂತ ಸಾವ್ಕಾರನ ಗದ್ದ ಹಿಡಿದು ಬೇಡಿಕೊಂಡ.

ಎರಡು ಚರ್ಚು, ಎರಡು ಸಲ ನೀರು, ಟಗರು ಕಲ್ಲು, ಲಕ್ಷ್ಮಕ್ಕ ಸುಮ್ಮನೆ, ಮಧ್ಯಾಹ್ನಕ್ಕೆ ಮುದ್ದೆ! ಚಾಣಾಕ್ಷ ಅಂದರೆ ಹೀಗಿರಬೇಕು ಅಂತ ಗಾದ್ರಪ್ಪ ತನ್ನ ಬೆನ್ನನ್ನು ತಾನೇ ತಟ್ಟಿಕೊಂಡ.

ಅಷ್ಟರಲ್ಲಿ ಯಾತ್ರೆಗೆ ಇನ್ನೊಬ್ಬ ಗಂಟುಬಿದ್ದ. ಲಕ್ಷ್ಮಕ್ಕನ ತಮ್ಮ ತಿಪ್ಪಯ್ಯ. ಮಂಗಳವಾರದ ಊಟಕ್ಕೆ ಶುಕ್ರವಾರವೇ ಬಂದಿಳಿದ ಭೂಪ.

"ನಾನೂ ಬರ್ತೀನಿ ಭಾವ. ದಾರಿಯಾಗೆ ಮತ್ತೆ ತಪ್ಪಿಸ್ಕಂಡ್ರೆ? ನಾನು ಹಿಂದ್ಗಡೆ ಟಗರಿನ ಜತೆಗೇ ಕೂರ್ತೀನಿ," ಅಂದವನೇ ಸಾವ್ಕಾರನ ತೊಡೆ ಅಮುಕಿ ನೋಡಿದ. "ಏನ್ ಮಾಲು ಭಾವ! ಕೈಮಾ ಬ್ಯಾರೆ ಮಾಡಿಸ್ಬೇಕು."

ಸಾವ್ಕಾರ ಅವನನ್ನು ಒಂದು ಸಲ ನೋಡಿ ಮುಖ ತಿರುಗಿಸಿದ. ಗಾದ್ರಪ್ಪನಿಗೂ ಹಾಗೇ ಮಾಡಬೇಕು ಅನ್ನಿಸಿತು. ಆದರೆ ಹೆಂಡತಿಯ ತಮ್ಮ!

ಚಳ್ಳಕೆರೆಯ ಚರ್ಚಿನ ಕಾಂಪೌಂಡಿಗೆ ಗಾಡಿ ನುಗ್ಗಿದಾಗ, ಸಣ್ಣ ವಯಸ್ಸಿನ ಫಾದರ್ ಒಬ್ಬರು ಪೈಪು ಹಿಡಿದು ಗಿಡಗಳಿಗೆ ನೀರು ಬಿಡುತ್ತಿದ್ದರು. ಗಾಡಿಯಿಂದ ಲಕ್ಷ್ಮಕ್ಕ ಇಳಿದಳು, ಸಾವ್ಕಾರ ಇಳಿದ, ಅವನ ಹಿಂದೆ ತಿಪ್ಪಯ್ಯ ಇಳಿದ. ಪೈಪಿನ ನೀರು ಫಾದರ್ ಅವರ ಕಾಲ ಮೇಲೇ ಸುರಿಯತೊಡಗಿತು.

"ಅಂತೋಣಪ್ಪ ಎಲ್ಲಿ ಫಾದರ್ರೆ?"

"ಅಲ್ಲಿದಾರಮ್ಮ, ಬಾಗಿಲ ಪಕ್ಕ. ಇವರು...?"

"ಇವ್ನು ಸಾವ್ಕಾರ. ಅವ್ರು ಹುಡುಕ್ಕೊಟ್ಟಿದ್ದು ಇವ್ನ್ನೇ."

ಕಥೆಯೆಲ್ಲ ಕೇಳಿದ ಫಾದರ್ ನಗು ತಡೆಯಲು ಎರಡು ಸಲ ಕೆಮ್ಮಿದರು. ಬಾಗಿಲ ಪಕ್ಕದ ಗಾಜಿನ ಗೂಡಿನಲ್ಲಿ ಕಂದು ನಿಲುವಂಗಿಯ ಸಂತ ಅಂತೋಣಿ ನಿಂತಿದ್ದರು. ಲಕ್ಷ್ಮಕ್ಕನ ಕಣ್ಣು ತುಂಬಿತು. "ನೋಡಿಲ್ಲಿ, ತೋಳಿನಾಗೆ ಕೂಸು ಎತ್ಕಂಡೈತೆ! ಕೂಸಿನ ಹರಕೆ ಟಗರು ಅಂತ ತಿಳ್ದೇ ಹುಡುಕ್ಕೊಟ್ಟೈತೆ ಈ ಪುಣ್ಯಾತ್ಮ!"

ಅವಳು ಚೀಲದಿಂದ ಹಣತೆ ತೆಗೆದಳು, ಎಣ್ಣೆ ತೆಗೆದಳು, ಹತ್ತಿಯ ಡಬ್ಬಿ ತೆಗೆದಳು. ಮುಚ್ಚಳ ತೆಗೆದವಳೇ ಹುಬ್ಬು ಗಂಟಿಕ್ಕಿದಳು. "ಇದೇನು ಖಾಲಿ? ನಿನ್ನೆ ತುಂಬಿತ್ತು! ಬತ್ತಿಗೇನು ಮಾಡ್ಲಿ?"

ಗಾದ್ರಪ್ಪ ಥಟ್ಟನೆ ಮುಂದೆ ಬಂದ. "ಇಲ್ಲೆಲ್ಲ ಮೇಣದಬತ್ತಿನೇ ಹಚ್ಚೋದು! ತಡಿ, ಈಗ್ಲೇ ತಂದೆ!" ಅಂತ ತಿಪ್ಪಯ್ಯನನ್ನೂ ಎಳೆದುಕೊಂಡು ರಸ್ತೆಗೆ ಓಡಿದ. ಅಂಗಡಿ ಹುಡುಕಿ, ಮೇಣದಬತ್ತಿ ಹಿಡಿದು ಏದುಸಿರು ಬಿಡುತ್ತ ಬಂದರೆ, ಅಂತೋಣಿಯ ಮುಂದೆ ಹಣತೆ ಜಗ್ಗನೆ ಉರಿಯುತ್ತಿದೆ.

"ಬತ್ತಿ ಎಲ್ಲಿ ಸಿಕ್ತು?"

"ದೇವ್ರು ಕೊಟ್ಟ. ಸುಮ್ನೆ ಅಡ್ಡಬೀಳು."

ಸದ್ಯ, ತನ್ನ ಮೇಲೆ ಅನುಮಾನ ಬರಲಿಲ್ಲವಲ್ಲ ಎಂಬ ಖುಷಿಗೆ ಗಾದ್ರಪ್ಪ ಆ ದೀಪಕ್ಕೆ ಉದ್ದಕ್ಕೂ ಅಡ್ಡಬಿದ್ದ. ಫಾದರ್ ಪ್ರಾರ್ಥನೆ ಹೇಳಿ ಸಾವ್ಕಾರನ ತಲೆಯ ಮೇಲೆ ತೀರ್ಥ ಚಿಮುಕಿಸಿದರು. ಎಲ್ಲರೂ ಉಸಿರು ಬಿಗಿಹಿಡಿದರು. ಸಾವ್ಕಾರ ಕಣ್ಣು ಪಿಳುಕಿಸಿದ, ಗಾದ್ರಪ್ಪನ ಕಡೆ ಎರಡು ಹೆಜ್ಜೆ ಬಂದ, ಅವನ ಹೆಗಲನ್ನೇ ನೋಡುತ್ತ ನಿಂತ. ಅಷ್ಟೇ. ಮೂಗಿನ ತುದಿಯಿಂದ ಒಂದು ಹನಿ ತೊಟ್ಟಿಕ್ಕಿತು. ಒರೆಸಲು ಗಾದ್ರಪ್ಪನ ಕೈ ತುಡಿಯಿತು. ಆದರೆ ಬಾಮೈದ ನೋಡುತ್ತಿದ್ದಾನೆ, ಮೀಸೆಯ ಪ್ರಶ್ನೆ! ಕೈ ಕಟ್ಟಿಕೊಂಡು ನಿಂತ.

"ಕೊಡವು ಲೇ! ಕೊಡವೋ!" ಅಂತ ತಿಪ್ಪಯ್ಯ ಕುಣಿದು ತೋರಿಸಿದ. ಉಪಯೋಗವಾಗಲಿಲ್ಲ.

"ಕೊಡವಲಿ, ಬಿಡಲಿ, ಆಶೀರ್ವಾದ ಆಯ್ತಮ್ಮ. ಸಂತೋಷವಾಗಿ ಹೋಗಿಬನ್ನಿ," ಅಂದರು ಫಾದರ್.

"ಅದೆಂಗಾಗುತ್ತೆ! ಇನ್ನ ಎಲ್ಲೆಲ್ಲಿ ಐತೆ ನಿಮ್ಮ ಚರ್ಚು, ಹೇಳ್ರಿ."

"ಮೊಳಕಾಲ್ಮುರಿನಾಗೊಂದು!" ಗಾದ್ರಪ್ಪ ಗಡಿಬಿಡಿಯಿಂದ ಬಾಯಿ ಹಾಕಿದ. "ಎರಡೇ ಅಲ್ವಾ ಸ್ವಾಮಿ?"

"ಎರಡಾ?" ಫಾದರ್ ಬೆರಳು ಮಡಿಸತೊಡಗಿದರು. "ತಳಕಿನ ದಾರಿಯಲ್ಲಿ ಸಿಸ್ಟರುಗಳದ್ದೊಂದಿದೆ. ಅಲ್ಲಿಂದ ಮುಂದೆ ಶೀಟಿನದೊಂದು. ರಾಂಪುರದ ಕಡೆ ಒಂದು. ಮೊಳಕಾಲ್ಮುರು ಆದಮೇಲೆ ಸಿದ್ದಾಪುರದ ಕಡೆ ಬಂಡೆಗಳ ನಡುವೆ ಒಂದು ಚಿಕ್ಕದು..."

ಅವರು ಬೆರಳು ಮಡಿಸಿದಷ್ಟೂ ಗಾದ್ರಪ್ಪನ ಮಧ್ಯಾಹ್ನದ ಮುದ್ದೆ ದೂರ ಸರಿಯತೊಡಗಿತು. ಲಕ್ಷ್ಮಕ್ಕ ಆಗಲೇ ಗಾಡಿಯಲ್ಲಿ ಕೂತಿದ್ದಳು.

ಸಿಸ್ಟರುಗಳ ಚರ್ಚಿನಲ್ಲಿ ಮಾತೆ ಮರಿಯಮ್ಮನ ಗವಿ, ಗವಿಯ ಮುಂದೆ ಸಾಲಾಗಿ ಹೂವಿನ ಕುಂಡ. ಸಿಸ್ಟರು ತೀರ್ಥ ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಸಾವ್ಕಾರ ಆ ಸಾಲನ್ನು ಒಂದು ಕೊನೆಯಿಂದ ಮುಗಿಸಿಕೊಂಡು ಬರುತ್ತಿದ್ದ. ಹಗ್ಗ ಹಿಡಿದಿದ್ದ ತಿಪ್ಪಯ್ಯ ತಡೆಯುವ ಗೋಜಿಗೆ ಹೋಗಿರಲಿಲ್ಲ. "ತಿನ್ನಲಿ ಬಿಡು ಭಾವ, ಇನ್ನಷ್ಟು ಕೊಬ್ಬು ಬರುತ್ತೆ!"

"ಅಯ್ಯೋ ದೇವರೇ, ನನ್ನ ಸೇವಂತಿಗೆ!" ಅಂದರು ಸಿಸ್ಟರು. ಆದರೆ ಒಳ್ಳೆಯ ಹೆಂಗಸು. ಬೈಯಲಿಲ್ಲ. ಗಾದ್ರಪ್ಪನ ಕೈಗೆ ಒಂದು ಕೊಡ ಕೊಟ್ಟು, "ತಿಂದಿದ್ದು ಮತ್ತೆ ಚಿಗುರಬೇಕಲ್ಲಪ್ಪ, ತೋಟಕ್ಕೆಲ್ಲ ನೀರು ಹಾಕಿ ಹೋಗು" ಅಂದರು. ಬಾವಿಯಿಂದ ಸೇದಿ ಸೇದಿ ಗಾದ್ರಪ್ಪನ ರಟ್ಟೆ ಬಿದ್ದುಹೋಯಿತು. ತೀರ್ಥ ಬಿದ್ದ ಸಾವ್ಕಾರ ಮಾತ್ರ ಹೂವು ಮೆಲುಕು ಹಾಕುತ್ತ, ಗಾದ್ರಪ್ಪನ ಟವಲ್ಲಿಗೆ ಮೂಗು ಚಾಚಿಕೊಂಡು, ಮಹಾಸಾಧುವಿನ ಹಾಗೆ ನಿಂತಿದ್ದ. ಮೈ ಕೊಡವಲಿಲ್ಲ.

ನೀರು ಸೇದುತ್ತಿರುವಾಗಲೇ ಮಾರುತೇಶನ ಫೋನು. "ಎಲ್ಲಿದೀಯ ಗಾದ್ರಪ್ಪಣ್ಣ? ಮಧ್ಯಾಹ್ನದ ಮುದ್ದೆ ತಣ್ಣಗಾಗ್ತೈತೆ!" ಹಿಂದೆ ಇಡೀ ಬೆಂಚು ನಗುತ್ತಿರುವುದು ಕೇಳಿಸಿತು. "ಇಲ್ಲೇ ಲೇ, ಬಂದೆ!" ಅಂದು ಫೋನಿಟ್ಟ.

ಮುಂದಿನ ಶೀಟಿನ ಕಟ್ಟಡದ ಮೇಲೆ ಶಿಲುಬೆ ಕಂಡದ್ದೇ ಒಳಗೆ ನುಗ್ಗಿದರು. ಒಳಗೆ ಪ್ರತಿಮೆಯೂ ಇಲ್ಲ, ಕೂಸೂ ಇಲ್ಲ. ಅದು ಬೇರೆ ಸಭೆಯವರ ಪ್ರಾರ್ಥನಾ ಮಂದಿರ. "ನೀವು ಕೇಳೋ ಅಂತೋಣಿ ನಮ್ಮಲ್ಲಿಲ್ಲ, ಅವರ ಚರ್ಚು ಇನ್ನೊಂದು ಮೈಲಿ ಮುಂದೆ," ಅಂದ ಪಾಸ್ಟರು, ಬಂದವರಿಗೆಲ್ಲ ಮಜ್ಜಿಗೆ ಕೊಟ್ಟರು. ಸಾವ್ಕಾರನಿಗೂ ಒಂದು ಬೋಗುಣಿ. ದಾರಿ ತಪ್ಪಿದ್ದರಲ್ಲೂ ಲಾಭ ಮಾಡಿಕೊಂಡವನು ಅವನೊಬ್ಬನೇ. ಆ ಇನ್ನೊಂದು ಮೈಲಿ ಮುಂದಿನ ಚರ್ಚಿನಲ್ಲೂ ಕೊಡವಲಿಲ್ಲ, ರಾಂಪುರದ ಕಡೆಯದರಲ್ಲೂ ಕೊಡವಲಿಲ್ಲ.

ಗಾದ್ರಪ್ಪನ ಸ್ಥಿತಿ ವಿಚಿತ್ರವಾಗಿತ್ತು. ಒಂದೊಂದು ಸಲ ತೀರ್ಥ ಬಿದ್ದಾಗಲೂ ಎದೆ ಹಾರುತ್ತಿತ್ತು. ಕೊಡವದೆ ನಿಂತಾಗ ಒಳಗೊಳಗೇ ಹಬ್ಬ. ಹಬ್ಬ ಮುಗಿಯುವ ಮೊದಲೇ ಲಕ್ಷ್ಮಕ್ಕನ ಹುಕುಂ: "ನಡಿ, ಮುಂದಿನ ಚರ್ಚಿಗೆ!" ತನ್ನ ಉಪಾಯ ಗೆದ್ದಷ್ಟೂ ತನ್ನ ಬೆನ್ನುಮೂಳೆ ಸೋಲುತ್ತಿತ್ತು. ಹೊಟ್ಟೆ ಬೇರೆ ತಾಳ ಹಾಕುತ್ತಿತ್ತು. ಲಕ್ಷ್ಮಕ್ಕನೂ ಅವತ್ತು ಯಾಕೋ ಮಾತು ಕಮ್ಮಿ ಮಾಡಿದ್ದಳು. ಪ್ರತಿ ಚರ್ಚಿನಲ್ಲೂ ಕಣ್ಣು ಮುಚ್ಚಿ, ಸೆರಗು ಬಾಯಿಗೆ ಒತ್ತಿಕೊಂಡು ನಿಲ್ಲುತ್ತಿದ್ದಳು. ಹರಕೆ ತೀರುತ್ತಿಲ್ಲ ಅಂತ ಸಂಕಟ ಇರಬೇಕು, ಪಾಪ ಅಂದುಕೊಂಡ.

ಮೊಳಕಾಲ್ಮುರಿನ ಚರ್ಚಿನ ಬಾಗಿಲಲ್ಲಿ ತಿಪ್ಪಯ್ಯನ ಮುಖ ಇದ್ದಕ್ಕಿದ್ದಂತೆ ಅರಳಿತು. ಗೋಡೆಯ ಬೋರ್ಡನ್ನು ಬೆರಳಿಟ್ಟು ಓದಿದ. "ಭಾವ! ನೋಡಿಲ್ಲಿ, 'ಭಾನುವಾರ ಬೆಳಿಗ್ಗೆ ಬಲಿಪೂಜೆ' ಅಂತ ಬರ್ದೈತೆ! ಮಂಗಳವಾರದ ತನಕ ಯಾಕೆ ಕಾಯಾದು? ಇಲ್ಲೇ ಮುಗಿಸ್ಬೋದು!"

ಅಲ್ಲಿದ್ದ ವಯಸ್ಸಾದ ಫಾದರ್ ಈ ಮಾತು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು. "ಅದು ನಮ್ಮ ಪ್ರಾರ್ಥನೆ ಹೆಸರು ಕಣಪ್ಪ. ನಮ್ಮ ಕುರಿಮರಿ ಅಂದರೆ ಏಸುಸ್ವಾಮಿನೇ. ಅವರು ಒಂದೇ ಸಲ ಎಲ್ಲರಿಗೋಸ್ಕರ ಬಲಿಯಾಗಿ ಆಯ್ತು. ಆಮೇಲೆ ಇನ್ನು ಯಾವ ಕುರಿಯೂ ಬೇಕಿಲ್ಲ ಅಂತ ನಮ್ಮ ನಂಬಿಕೆ." ಅಂದವರು ಒಳಗಿನ ಒಂದು ಪಟದ ಕಡೆ ಕೈ ತೋರಿಸಿದರು.

ಪಟದಲ್ಲಿ ಏಸುಸ್ವಾಮಿ ನಿಂತಿದ್ದ. ಹೆಗಲ ಮೇಲೆ ಕುರಿಮರಿ. ಗಾದ್ರಪ್ಪ ಹತ್ತಿರ ಹೋಗಿ ನೋಡಿದ. ಮುಂಗಾಲು ಹಿಂಗಾಲು ಸೇರಿಸಿ ಎದೆಯ ಹತ್ತಿರ ಹಿಡಿದದ್ದು, ಮರಿ ಕೊರಳಿಗೆ ಒರಗಿದ್ದು, ಕಂಕುಳಲ್ಲಿ ಕೋಲು. ಹಿಡಿತ ಸರಿಯಾಗಿದೆ! ಚಳಿಯ ಬೆಳಿಗ್ಗೆ ಸಾವ್ಕಾರನನ್ನು ತಾನು ಹಾಗೇ ಹೊತ್ತು ಮನೆಗೆ ತಂದಿದ್ದ.

"ಇವ್ರೂ ನಮ್ಮೋರೇನಾ ಸ್ವಾಮಿ?" ಅಂತ ಮೆಲ್ಲಗೆ ಕೇಳಿದ.

"ಹೌದಪ್ಪ, ಕುರಿ ಕಾಯೋರು. ಒಂದು ಕಳೆದುಹೋದರೆ ಉಳಿದದ್ದೆಲ್ಲ ಬಿಟ್ಟು ಅದನ್ನೇ ಹುಡುಕಿಕೊಂಡು ಹೋಗೋರು."

ಗಾದ್ರಪ್ಪ ಕೈ ಮುಗಿದ. ಈ ಸಲ ನಾಟಕವಿರಲಿಲ್ಲ. 'ಹೆಂಗಾರ ಮಾಡಿ ಇವ್ನ್ನ ಉಳಿಸ್ಕೊಡಪ್ಪ. ನಿಂಗೆ ಗೊತ್ತಲ್ಲ' ಅಂತ ಮನಸ್ಸಿನಲ್ಲೇ ಬೇಡಿದ. ಅಲ್ಲೂ ಸಾವ್ಕಾರ ಕೊಡವಲಿಲ್ಲ.

ಕೊನೆಯದು ಸಿದ್ದಾಪುರದ ಕಡೆಯ ಚಿಕ್ಕ ಚರ್ಚು. ಬಂಡೆಗಳ ಮೇಲೆ ಸಂಜೆ ಬಿಸಿಲು ಬಿದ್ದಿತ್ತು. ಬೀಗದಕೈ ಇಟ್ಟುಕೊಂಡಿದ್ದ ಅಜ್ಜಿಯೊಬ್ಬಳು ಹೊರಗೆ ಬಂದು, ಟಗರನ್ನು ನೋಡಿ ಬಾಯ್ತುಂಬ ನಕ್ಕಳು. "ಪೊಟ್ಟೇಲು ತೆಚ್ಚಿನಾವಾ ನಾಯನಾ? ಟಗರು ತಂದ್ಯೇನಪ್ಪಾ? ಬರ್ರಿ ಬರ್ರಿ, ಫಾದರ್ರು ತೀರ್ಥದ ಬಾಟ್ಲಿ ಇಟ್ಟೇ ಹೋಗವ್ರೆ."

ತಿಪ್ಪಯ್ಯನ ತಾಳ್ಮೆ ಕಿತ್ತುಹೋಗಿತ್ತು. ಇದೇ ಕಡೆಯ ಅವಕಾಶ. ಇಲ್ಲಿ ಕೊಡವದಿದ್ದರೆ ಸಾರೂ ಇಲ್ಲ, ಕೈಮಾನೂ ಇಲ್ಲ!

"ಚಿಮುಕ್ಸೋದೆಲ್ಲ ಆಗಲ್ಲ ಅಕ್ಕ. ಇದಕ್ಕೆ ಹೊಯ್ಯಬೇಕು!" ಅಂದವನೇ ತೊಟ್ಟಿಯಿಂದ ಬಕೆಟ್ಟು ತುಂಬಿಸಿ, ಅದಕ್ಕೆ ಅಜ್ಜಿಯ ಕೈಯಿಂದ ನಾಕು ಹನಿ ತೀರ್ಥ ಹಾಕಿಸಿ, ಬಕೆಟ್ಟನ್ನು ಎರಡೂ ಕೈಯಲ್ಲಿ ತಲೆಯ ಮಟ್ಟಕ್ಕೆ ಎತ್ತಿದ.

ಗಾದ್ರಪ್ಪ ಕೈ ಅಡ್ಡ ಚಾಚಿದ. ಬಕೆಟ್ಟು ನೀರಿಗೆ ಎಂಥ ಹತ್ತಿ ತಡೆದೀತು! "ಲೇ ತಿಪ್ಪಯ್ಯ, ಬ್ಯಾಡ ಕಣ್ಲೇ!" ಅಂದ. ಲಕ್ಷ್ಮಕ್ಕ ಕಣ್ಣು ಮುಚ್ಚಿದಳು.

ಆದರೆ ಸಾವ್ಕಾರನ ಲೆಕ್ಕವೇ ಬೇರೆ. ಬೆಳಿಗ್ಗೆಯಿಂದ ಇವತ್ತು ಸ್ನಾನವೇ ಆಗಿಲ್ಲ. ಈಗ ಕಂಡದ್ದು ಬಕೆಟ್ಟು! ಖುಷಿಯ ಭರದಲ್ಲಿ ಮುಂಗಾಲೆತ್ತಿ ಓಡಿಬಂದು ತಿಪ್ಪಯ್ಯನ ಹೊಟ್ಟೆಗೆ ಢಿಕ್ಕಿ ಕೊಟ್ಟ. ತಿಪ್ಪಯ್ಯ ಕುಂಡೆಯೂರಿ ಕೂತ. ಬಕೆಟ್ಟು ಅವನ ತಲೆಯ ಮೇಲೆ ಕೂತಿತು. ನೀರು ಅಷ್ಟೂ ಕಿವಿ, ಮೂಗು, ಅಂಗಿಯೊಳಗೆ ಧೋ ಎಂದು ಇಳಿಯಿತು. ತಿಪ್ಪಯ್ಯ ಬಕೆಟ್ಟು ಕಿತ್ತೆಸೆದು ಎದ್ದುನಿಂತು, ತಲೆಯಿಂದ ಕಾಲಿನವರೆಗೆ ಪಟಪಟಪಟ ಅಂತ ಮೈ ಕೊಡವಿದ!

ಬಕೆಟ್ಟು ಉರುಳಿಹೋಗಿ ಬಂಡೆಗೆ ತಾಗಿ ನಿಂತಿತು.

"ಕೊಡವಿದ!" ಅಂದಳು ಲಕ್ಷ್ಮಕ್ಕ, ಎರಡೂ ಕೈ ಮುಗಿದು.

"ಅಕ್ಕಾ! ಅದು ನಾನು!"

"ಯಾರಾದ್ರೇನು? ತೀರ್ಥ ಬಿತ್ತು, ಮೈ ಕೊಡವಿದ್ದಾಯ್ತು. ಅಂತೋಣಪ್ಪಂಗೆ ಒಪ್ಪಿಗೆಯಾಗಿರೋದು ನೀನು. ಇವ್ನ್ನೇ ಇಲ್ಲಿ ಬಿಟ್ಟು ಹೋಗಾಣೇನಜ್ಜಿ?"

ಅಜ್ಜಿ ತಿಪ್ಪಯ್ಯನನ್ನು ಮೇಲಿನಿಂದ ಕೆಳಗೆ ನೋಡಿದಳು. "ಬ್ಯಾಡ ತಾಯಿ. ಸಾಕಾದು ಕಷ್ಟ. ಆ ಪೊಟ್ಟೇಲಾದ್ರೆ ಇರಲಿ."

ಲಕ್ಷ್ಮಕ್ಕ ಅಲ್ಲೇ ತೀರ್ಪು ಕೊಟ್ಟಳು. ಎಲ್ಲ ಚರ್ಚೂ ಸುತ್ತಿದ್ದಾಯ್ತು, ಸಾವ್ಕಾರ ಒಂದು ಕಡೆಯೂ ಕೊಡವಲಿಲ್ಲ. ಇನ್ನು ಅವನಿಗೆ ಯಾರೂ ಕೈ ಹಚ್ಚುವ ಹಾಗಿಲ್ಲ. ಮಂಗಳವಾರ ಮಾರಮ್ಮನಿಗೆ ಸೀರೆ, ಕುಪ್ಪಸ, ಮಡಿಲಕ್ಕಿ. "ಅವ್ವ ಅಲ್ವಾ, ಕೂಸು ಕೊಟ್ಟೋಳು, ಅರ್ಥ ಮಾಡ್ಕಂತಾಳೆ. ಹಟ್ಟಿಗೆಲ್ಲ ಹೋಳಿಗೆ ಊಟ."

"ಹೋಳಿಗೆನಾ!" ತಿಪ್ಪಯ್ಯನ ಆರ್ತನಾದ ಬಂಡೆಗೆ ಬಡಿದು ವಾಪಸ್ಸು ಬಂತು.

ಗಾಡಿ ಊರ ಕಡೆ ತಿರುಗಿತು. ಹಿಂದೆ ತಿಪ್ಪಯ್ಯ ಒಂದು ಮೂಲೆಯಲ್ಲಿ ಸೀನುತ್ತ ಕೂತಿದ್ದ, ಸಾವ್ಕಾರ ಇನ್ನೊಂದು ಮೂಲೆಯಲ್ಲಿ ನಿಂತಿದ್ದ. ಗಾದ್ರಪ್ಪನ ಆಯಾಸವೆಲ್ಲ ಹಾರಿಹೋಗಿತ್ತು. ಟಗರು ಉಳಿಯಿತು! ಯಾರಿಂದ? ಅವನಿಂದ! ಇಂಥ ಗೆಲುವನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವುದು ಅವನಿಂದಾಗದ ಕೆಲಸ. ತಳಕು ದಾಟುವ ತನಕ ತಡೆದ. ಆಮೇಲೆ ತಡೆಯಲಾಗಲಿಲ್ಲ.

"ಏ ಇವ್ಳೆ, ಒಂದು ಮಾತು ಹೇಳ್ತೀನಿ, ಬೈಬಾರ್ದು."

"ಹೇಳು."

"ಸಾವ್ಕಾರ ಯಾಕೆ ಕೊಡವಲಿಲ್ಲ ಗೊತ್ತಾ? ಬೆಳಿಗ್ಗೆನೇ ನಾನು ಅವ್ನ ಕಿವಿಗೆ ಹತ್ತಿ ಗಿಡಿದಿದ್ದೆ! ಹೆಂಗೆ? ಗಾದ್ರಪ್ಪನ ತಲೆ ಅಂದ್ರೆ ಏನು ಅಂತ ತಿಳ್ಕಂಡಿದ್ದೆ?"

ಲಕ್ಷ್ಮಕ್ಕ ರಸ್ತೆಯ ಮೇಲಿನ ಕಣ್ಣು ತೆಗೆಯಲಿಲ್ಲ. "ಚಳ್ಳಕೆರೆಯಾಗೆ ಕೇಳಿದ್ಯಲ್ಲ, ಬತ್ತಿ ಎಲ್ಲಿ ಸಿಕ್ತು ಅಂತ?"

"ಹೂಂ. ದೇವ್ರು ಕೊಟ್ಟ ಅಂದೆ."

"ಎಡಗಿವಿದು ದೀಪಕ್ಕಾಯ್ತು. ಬಲಗಿವಿದು ಡಬ್ಬಿಯಾಗೈತೆ, ನಾಳೆಗಾಗುತ್ತೆ."

ಗಾಡಿ ರಸ್ತೆಯ ಅಂಚಿಗೆ ಹೋಗಿ ವಾಪಸ್ಸು ಬಂತು. ಉದ್ದಕ್ಕೂ ಅಡ್ಡಬಿದ್ದು ಕೈ ಮುಗಿದ ದೀಪ ಗಾದ್ರಪ್ಪನ ಕಣ್ಣೆದುರು ಉರಿಯಿತು.

"ಹಂಗಾರೆ... ದಿನವೆಲ್ಲ ಕಿವಿ ಖಾಲಿ?"

"ಖಾಲಿ. ದೇವ್ರಿಗೆ ಮೋಸ ಮಾಡಿ ಉಳಿಸ್ಕಂಡ ಜೀವ ನನ್ನ ಮನ್ಯಾಗೆ ಬ್ಯಾಡ ಅಂತ ತೆಗ್ದೆ. ತೆಗ್ದ ಮ್ಯಾಲೆ ಒಂದೊಂದು ಚರ್ಚಿನಾಗೂ ನನ್ನ ಜೀವ ಬಾಯಿಗೆ ಬಂದಿತ್ತು, ಎಲ್ಲಿ ಕೊಡವಿಬಿಡ್ತಾನೋ ಅಂತ." ಅವಳ ದನಿ ಒಡೆಯಿತು. "ನಾನೇನು ಕಲ್ಲಾ? ಇವ್ನಿಗೆ ರಾಗಿ ಗಂಜಿ ಕುಡಿಸ್ದೋಳು ನಾನಲ್ವಾ?"

ಗಾದ್ರಪ್ಪನ ಮೀಸೆ ತಾನಾಗಿಯೇ ಕೆಳಗಿಳಿಯಿತು. ಕೊನೆಗೆ ಮೆತ್ತಗೆ ಕೇಳಿದ: "ಮತ್ತೆ ಯಾಕೆ ಕೊಡವಲಿಲ್ಲ? ಅಂತೋಣಪ್ಪನ ಮಹಿಮೆನಾ?"

"ಅದೂ ಇರಬೌದು. ಹಿಂದಕ್ಕೆ ತಿರುಗಿ ನೋಡು."

ತಿರುಗಿ ನೋಡಿದ. ಸಾವ್ಕಾರ ಹಿಂದಿನ ಕಿಂಡಿಯೊಳಗಿಂದ ಮೂತಿ ತೂರಿಸಿ, ಗಾದ್ರಪ್ಪನ ಹೆಗಲ ಮೇಲಿನ ಟವಲ್ಲನ್ನೇ ನೋಡುತ್ತಿದ್ದ.

"ಹುಟ್ಟಿದಾಗಿಂದ ಒಂದು ಹನಿ ನೀರು ಬಿದ್ರೂ ನೀನು ಒರೆಸ್ತೀಯ. ತಲೆಮಾರಿನಿಂದ ಕುರಿ ಕಾಯ್ದೋರ ಮನೆ ಟಗರಿಗೆ ಮೈ ಕೊಡವಾಕೇ ಬರಲ್ಲ! ಗಾಡಿ ನಿಲ್ಸು. ಆ ಟವಲ್ ತಗಂಡು ಹೋಗಿ ಮುಖ ಒರೆಸು. ಬೆಳಿಗ್ಗೆಯಿಂದ ಕಾಯ್ತಾವ್ನೆ."